ಕ್ಲಾಸಿಗೆ ಯಾವ ಭಾಷಾ ಆ್ಯಪ್? ನಮ್ಮ ಕಡೆಯ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕ್ಲಸ್ಟರ್ ಸಭೆಯಲ್ಲಿ, ತರಬೇತಿಯಲ್ಲಿ, ವಾಟ್ಸಾಪ್‌ನಲ್ಲಿ ಬೆಳಗಾವಿ, ವಿಜಯಪುರದ ಗೆಳೆಯರೂ ಸೇರಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ದುಡ್ಡು ಕೊಡದೆ ಸಿಗುವ ಆ್ಯಪ್‌ಗಳ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ.

ಸರ್, ಒಂದೇ ಮಾತಲ್ಲಿ ಹೇಳಿ, ಯಾವ ಆ್ಯಪ್ ಒಳ್ಳೆಯದು?

ಮೊದಲು ನೀವು ಮೂರು ವಿಷಯ ಹೇಳಬೇಕು. ಕ್ಲಾಸಿನಲ್ಲಿ ಎಷ್ಟು ಫೋನ್ ಇವೆ? ಮಕ್ಕಳು ಯಾವ ಭಾಷೆ ಹಿಡಿದುಕೊಂಡು ಯಾವ ಭಾಷೆಗೆ ಹೋಗಬೇಕು? ಶಾಲೆಯಲ್ಲಿ ನೆಟ್ ಹಿಡಿಯುತ್ತದೆಯಾ? ಪ್ಲೇ ಸ್ಟೋರ್‌ನ ಸ್ಟಾರ್ ನೋಡಿ ಆರಿಸಿದರೆ ಮೋಸ ಹೋಗುತ್ತೀರಿ. ಆ ಸ್ಟಾರ್ ಕೊಟ್ಟವರು ತಮ್ಮದೇ ಫೋನ್‌ನಲ್ಲಿ, ಮನೆಯಲ್ಲಿ ಒಬ್ಬರೇ ಕೂತು ಕಲಿತವರು. ನಮ್ಮ ಮುಂದೆ ಇರುವುದು ನಲವತ್ತು ಮಕ್ಕಳು, ಒಂದು ಫೋನ್.

ಫೋನ್ ಒಂದೇ ಇದ್ದು ಇಂಗ್ಲಿಷ್ ಓದು ಸುಧಾರಿಸಬೇಕಾದರೆ ಗಟ್ಟಿಯಾಗಿ ಓದಿಸುವ ರೀಡ್ ಅಲಾಂಗ್ ಮತ್ತು ಕಥೆಗಳ ಭಂಡಾರ ಸ್ಟೋರಿವೀವರ್. ಕಲಿಸಿದ್ದು ಎಷ್ಟು ಹತ್ತಿದೆ ಅಂತ ಇಡೀ ಕ್ಲಾಸನ್ನು ಒಮ್ಮೆಗೇ ನೋಡಬೇಕಾದರೆ ಪ್ಲಿಕರ್ಸ್. ಪದಗಳು ನೆನಪಿನಲ್ಲಿ ಉಳಿಯಬೇಕಾದರೆ ಆಂಕಿ, ಅದರಲ್ಲಿ ಪದಗಳ ಕಾರ್ಡ್ ಮಾಡಿಕೊಳ್ಳಬಹುದು. ಹೈಸ್ಕೂಲ್ ಆಗಿದ್ದು, ಕಂಪ್ಯೂಟರ್ ಲ್ಯಾಬ್ ಮತ್ತು ನೆಟ್ ಎರಡೂ ಇದ್ದರೆ ಮಾತ್ರ ಡುಯೊಲಿಂಗೊ. ಮರಾಠಿ, ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡ ಕಲಿಸುವುದಾದರೆ ಒಂದೇ ಆ್ಯಪ್‌ನಿಂದ ಆಗುವುದಿಲ್ಲ, ಅದನ್ನು ಕೆಳಗೆ ವಿವರವಾಗಿ ಬರೆದಿದ್ದೇನೆ.

ಉಚಿತ ಅಂದರೆ ನಿಜಕ್ಕೂ ಉಚಿತವಾ?

ಕೆಲವು ಹೌದು. ಸ್ಟೋರಿವೀವರ್ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ರೀಡ್ ಅಲಾಂಗ್‌ನಲ್ಲೂ ಜಾಹೀರಾತು ಇಲ್ಲ. ಆಂಕಿ ಕಂಪ್ಯೂಟರ್‌ನಲ್ಲಿ, ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ನಲ್ಲಿ ಮಾತ್ರ ದುಡ್ಡು ಕೊಡಬೇಕು. ಪಠ್ಯಪುಸ್ತಕದ ಪಾಠಗಳ ವಿಡಿಯೋ ಇರುವ ದೀಕ್ಷಾ ಸರ್ಕಾರದ್ದು, ಉಚಿತ.

ಇನ್ನು ಕೆಲವು ಅರ್ಧ ಉಚಿತ. ಡುಯೊಲಿಂಗೊದಲ್ಲಿ ಪಾಠಕ್ಕೆ ದುಡ್ಡಿಲ್ಲ, ಆದರೆ ನಡುವೆ ಜಾಹೀರಾತು ಬರುತ್ತದೆ, ಸ್ವಲ್ಪ ಹೊತ್ತಿನ ನಂತರ ಆಟ ನಿಂತು "ಕಾಯಿರಿ, ಇಲ್ಲವೇ ದುಡ್ಡು ಕೊಟ್ಟು ಮುಂದೆ ಹೋಗಿ" ಎನ್ನುತ್ತದೆ. ಪ್ಲಿಕರ್ಸ್, ಕ್ವಿಜ್ ಆಟದ ಕಹೂಟ್, ಪದಗಳ ಕಾರ್ಡಿನ ಕ್ವಿಜ್‌ಲೆಟ್ ಇವುಗಳಲ್ಲೂ ಉಚಿತಕ್ಕೆ ಒಂದು ಮಿತಿ ಇದೆ. ಆ ಮಿತಿ ಆಗಾಗ ಬದಲಾಗುತ್ತದೆ. ಹಾಗಾಗಿ ಪಾಠಯೋಜನೆ ಬರೆಯುವ ಮೊದಲು ನಿಮ್ಮ ಖಾತೆಯಲ್ಲಿ ಎಷ್ಟು ಸಿಗುತ್ತದೆ ಅಂತ ಒಮ್ಮೆ ತೆರೆದು ನೋಡಿ.

ಡಾಟಾ ಪ್ಯಾಕ್ ಮಾತ್ರ ಯಾವಾಗಲೂ ಶಿಕ್ಷಕರ ಜೇಬಿನಿಂದಲೇ ಹೋಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಾಚಿಕೆ ಇಲ್ಲದೆ ಈ ಮಾತು ತೆಗೆಯಿರಿ.

ಎಲ್ಲರೂ ಡುಯೊಲಿಂಗೊ ಅಂತಾರೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಆಗುತ್ತದಾ?

ಡುಯೊಲಿಂಗೊ 2012ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲೂಯಿಸ್ ಫಾನ್ ಆನ್ ಮತ್ತು ಸೆವೆರಿನ್ ಹ್ಯಾಕರ್ ಸೇರಿ ಕಟ್ಟಿದ ಆ್ಯಪ್ ಅದು. 2015ರಲ್ಲಿ ಶಾಲೆಗಳಿಗಾಗಿ ಬೇರೆ ವ್ಯವಸ್ಥೆ ತಂದರು. ಅದರಲ್ಲಿ ಶಿಕ್ಷಕರು ತಮ್ಮ ಕ್ಲಾಸ್ ಮಾಡಿಕೊಂಡು, ಮಕ್ಕಳನ್ನು ಸೇರಿಸಿ, ಮನೆಗೆಲಸ ಕೊಟ್ಟು, ಯಾರು ಎಷ್ಟು ಮಾಡಿದರು ಅಂತ ನೋಡಬಹುದು. ಅದೂ ಉಚಿತ. ಆ್ಯಪ್ ಕೆಟ್ಟದ್ದಲ್ಲ, ತುಂಬಾ ಯೋಚಿಸಿ ಮಾಡಿದ್ದಾರೆ.

ತೊಂದರೆ ಬೇರೆ ಕಡೆ ಇದೆ. ನಮ್ಮ ಕಡೆ ಬಹಳ ಜನ ಮಕ್ಕಳಿಗೆ ಹಿಂದಿಯಿಂದ ಇಂಗ್ಲಿಷ್ ಕಲಿಸುವ ಕೋರ್ಸ್ ಹಾಕಿ ಕೊಡುತ್ತಾರೆ. ನಮ್ಮ ಕನ್ನಡ ಮಾಧ್ಯಮದ ಮಗುವಿಗೆ ಹಿಂದಿ ತೃತೀಯ ಭಾಷೆಯಾಗಿ ಶುರುವಾಗುವುದೇ ಆರನೇ ತರಗತಿಯಲ್ಲಿ. ಐದನೇ ತರಗತಿಯ ಹುಡುಗಿಯ ಕೈಗೆ ಆ ಕೋರ್ಸ್ ಕೊಟ್ಟರೆ ಅವಳು ಮೊದಲು ದೇವನಾಗರಿ ಓದಬೇಕು, ಆಮೇಲೆ ಹಿಂದಿ ವಾಕ್ಯ ಅರ್ಥ ಮಾಡಿಕೊಳ್ಳಬೇಕು, ಆಮೇಲೆ ಇಂಗ್ಲಿಷ್ ಪದಗಳನ್ನು ಜೋಡಿಸಬೇಕು. ತಪ್ಪಾದರೆ ತಪ್ಪಾಗಿದ್ದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಅಂತ ಅವಳಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಎಂಟು, ಒಂಬತ್ತಕ್ಕೆ ಬರುವ ಹೊತ್ತಿಗೆ ಈ ತೊಡಕು ಕಡಿಮೆ ಆಗುತ್ತದೆ, ಆಗ ಕೊಡಿ.

ಇನ್ನೊಂದು, ಅಲ್ಲಿ ಬೆರಳಿನ ಕೆಲಸ ಜಾಸ್ತಿ. ಪದಗಳು ಕೆಳಗೆ ಕಾಣುತ್ತಿರುತ್ತವೆ, ಒಂದೊಂದಾಗಿ ಒತ್ತಿದರೆ ವಾಕ್ಯ ಆಗುತ್ತದೆ. ಹೀಗೆ ಪಟಪಟ ಮಾಡಿ ಮುಗಿಸುವ ಮಗುವಿಗೆ ಫೋನ್ ಪಕ್ಕಕ್ಕಿಟ್ಟು ಅದೇ ವಾಕ್ಯ ಬಾಯಿಂದ ಹೇಳು ಅಂದರೆ ನಿಂತುಬಿಡುತ್ತದೆ. ಹಾಗಾಗಿ ಲ್ಯಾಬಿನಲ್ಲಿ ಮಾಡಿಸುವುದಾದರೆ ಒಂದು ಕಂಪ್ಯೂಟರ್‌ಗೆ ಇಬ್ಬರು ಇರಲಿ. ಒಬ್ಬರು ಬಾಯಿಂದ ಹೇಳಬೇಕು, ಇನ್ನೊಬ್ಬರು ಒತ್ತಬೇಕು, ಆಮೇಲೆ ಅದಲುಬದಲು. ಕಂಪ್ಯೂಟರ್ ಕಡಿಮೆ ಇರುವುದಕ್ಕೆ ಹೀಗೆ ಮಾಡುವುದಲ್ಲ, ಸಾಕಷ್ಟು ಇದ್ದರೂ ನಾನು ಇಬ್ಬಿಬ್ಬರನ್ನೇ ಕೂರಿಸುತ್ತೇನೆ.

ಡುಯೊಲಿಂಗೊ ಎಬಿಸಿ ಅಂತ ಚಿಕ್ಕ ಮಕ್ಕಳ ಆ್ಯಪ್ ಬೇರೆಯೇ ಇದೆ. ಇಂಗ್ಲಿಷ್ ಅಕ್ಷರ, ಅವುಗಳ ಧ್ವನಿ, ಸಣ್ಣ ಪದಗಳ ಓದು. ಅದರಲ್ಲಿ ಜಾಹೀರಾತು ಇಲ್ಲ. ಒಂದರಿಂದ ಮೂರನೇ ತರಗತಿಗೆ ದೊಡ್ಡ ಡುಯೊಲಿಂಗೊಗಿಂತ ಇದೇ ಎಷ್ಟೋ ವಾಸಿ.

ರೀಡ್ ಅಲಾಂಗ್ ಹೇಗೆ?

ನನಗೆ ಇಷ್ಟ, ಕಾರಣ ಅದು ಮಗುವಿನ ಬಾಯಿ ತೆರೆಸುತ್ತದೆ. ಗೂಗಲ್ ಇದನ್ನು 2019ರಲ್ಲಿ ಭಾರತದಲ್ಲೇ ಮೊದಲು "ಬೋಲೋ" ಅನ್ನುವ ಹೆಸರಿನಲ್ಲಿ ತಂದಿತು, 2020ರಲ್ಲಿ ಹೆಸರು ಬದಲಾಯಿತು. ಮಗು ಕಥೆಯನ್ನು ಗಟ್ಟಿಯಾಗಿ ಓದಬೇಕು. ದಿಯಾ ಅನ್ನುವ ಗೊಂಬೆ ಕೇಳಿಸಿಕೊಳ್ಳುತ್ತದೆ, ಸರಿ ಓದಿದರೆ ನಕ್ಷತ್ರ ಕೊಡುತ್ತದೆ, ಎಲ್ಲಿಯಾದರೂ ತಡವರಿಸಿದರೆ ಪದ ಹೇಳಿಕೊಡುತ್ತದೆ. ಯಾವ ಪದದ ಮೇಲೆ ಬೆರಳಿಟ್ಟರೂ ಅದರ ಉಚ್ಚಾರ ಕೇಳಬಹುದು. ಕಥೆಗಳನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಇಂಗ್ಲಿಷ್, ಹಿಂದಿ, ಮರಾಠಿ ಇವೆ, ಹಾಗಾಗಿ ಖಾನಾಪುರ, ನಿಪ್ಪಾಣಿ ಕಡೆಯ ಮರಾಠಿ ಶಾಲೆಗೂ ಉಪಯೋಗ.

ಎರಡು ವಿಷಯ ಗೊತ್ತಿರಲಿ. ಮೊದಲನೆಯದು ಗದ್ದಲ. ನಲವತ್ತು ಮಕ್ಕಳ ನಡುವೆ ಫೋನ್ ಹಿಡಿದರೆ ದಿಯಾಗೆ ಏನೂ ಕೇಳಿಸುವುದಿಲ್ಲ, ಮಗು ಸರಿ ಓದಿದರೂ ಸುಮ್ನೆ ಇರುತ್ತದೆ, ಮಗುವಿಗೆ ಬೇಸರ ಆಗುತ್ತದೆ. ವರಾಂಡದ ಮೂಲೆ ನೋಡಿಕೊಳ್ಳಿ, ಇಲ್ಲವೇ ಮೈಕ್ ಇರುವ ಇಯರ್‌ಫೋನ್ ಹಾಕಿಸಿ. ಎರಡನೆಯದು, ಓದಿದ್ದೆಲ್ಲ ಅರ್ಥ ಆಗಿದೆ ಅಂತ ತಿಳಿಯಬೇಡಿ. ನಮ್ಮ ಮಕ್ಕಳು ಇಂಗ್ಲಿಷ್ ಪುಟವನ್ನು ಸರಾಗ ಓದಿ ಹತ್ತು ನಕ್ಷತ್ರ ತೆಗೆದುಕೊಂಡು, ಕಥೆಯಲ್ಲಿ ಏನಾಯಿತು ಅಂದರೆ ಮುಖ ನೋಡುತ್ತಾರೆ. ಆ್ಯಪ್ ಇದನ್ನು ಹಿಡಿಯುವುದಿಲ್ಲ, ನಾವೇ ಹಿಡಿಯಬೇಕು. ಓದಿ ಬಂದ ಮಗು ಆ ಕಥೆಯನ್ನು ತನ್ನ ಗುಂಪಿಗೆ ಕನ್ನಡದಲ್ಲಿ ಹೇಳಬೇಕು ಅಂತ ಒಂದು ನಿಯಮ ಮಾಡಿ, ಓದೂ ಆಗುತ್ತದೆ, ಅರ್ಥ ಆಗಿದೆಯಾ ಅಂತಲೂ ಗೊತ್ತಾಗುತ್ತದೆ.

ಶಾಲೆಯಲ್ಲಿ ಇರುವುದು ನನ್ನ ಫೋನ್ ಒಂದೇ. ಆಗ ಏನು ಮಾಡೋದು?

ನಮ್ಮ ಮೂರು ಜಿಲ್ಲೆಗಳಲ್ಲಿ ಹೆಚ್ಚಿನವರ ಪರಿಸ್ಥಿತಿ ಇದೇ. ಆದರೂ ಆ್ಯಪ್‌ಗಳ ಬಗ್ಗೆ ಬರೆಯುವವರು ಪ್ರತಿ ಮಗುವಿನ ಕೈಯಲ್ಲಿ ಟ್ಯಾಬ್ ಇದೆ ಅಂತಲೇ ಬರೆಯುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ಲಿಕರ್ಸ್‌ನಲ್ಲಿ ಮಕ್ಕಳಿಗೆ ಫೋನೇ ಬೇಡ. ಕಪ್ಪು ಬಿಳಿ ಚೌಕದ ಗುರುತಿರುವ ಕಾರ್ಡ್‌ಗಳು ಅವರ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಸಾಮಾನ್ಯ ಸೆಟ್‌ನಲ್ಲಿ 40 ಕಾರ್ಡ್. ಝೆರಾಕ್ಸ್ ಮಾಡಿಸಿ ಒಬ್ಬೊಬ್ಬ ಮಗುವಿಗೆ ಒಂದು ನಂಬರ್ ಕೊಡಿ. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಸಣ್ಣಗೆ ಬರೆದಿರುತ್ತದೆ. ನೀವು ಬೋರ್ಡಿನ ಮೇಲೆ ಪ್ರಶ್ನೆ ಬರೆಯುತ್ತೀರಿ, ಮಗು ತನ್ನ ಉತ್ತರ ಮೇಲೆ ಬರುವ ಹಾಗೆ ಕಾರ್ಡ್ ತಿರುಗಿಸಿ ಎತ್ತಿ ಹಿಡಿಯುತ್ತದೆ, ನೀವು ನಿಂತ ಜಾಗದಿಂದಲೇ ಫೋನ್ ಕ್ಯಾಮೆರಾ ಎಡದಿಂದ ಬಲಕ್ಕೆ ತಿರುಗಿಸುತ್ತೀರಿ. ಅಷ್ಟೇ. ಯಾರು ಏನು ಉತ್ತರ ಕೊಟ್ಟರು ಅಂತ ಹೆಸರು ಸಮೇತ ಫೋನಿನಲ್ಲಿ ಬರುತ್ತದೆ. ಪ್ರತಿ ಕಾರ್ಡಿನ ಗುರುತೂ ಬೇರೆ ಇರುವುದರಿಂದ ಪಕ್ಕದವನದು ನೋಡಿ ನಕಲು ಮಾಡುವುದು ಕಷ್ಟ. ಹಿಂದಿನ ಬೆಂಚಿನಲ್ಲಿ ಎಂದೂ ಕೈ ಎತ್ತದ ಮಗುವಿನ ಉತ್ತರ ನಮಗೆ ತಲುಪುವುದು ಇಲ್ಲಿಯೇ. ನನಗೆ ಈ ಆ್ಯಪ್ ಮುಖ್ಯ ಅನಿಸಿದ್ದು ಅದಕ್ಕೇ.

ಒಂದು ಎಚ್ಚರಿಕೆ: ಕಾರ್ಡ್ ಬಾಳಿಕೆ ಬರಲಿ ಅಂತ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಕಿಟಕಿ ಬೆಳಕು ಬಿದ್ದು ಮಿಂಚುತ್ತದೆ, ಕ್ಯಾಮೆರಾ ಓದುವುದಿಲ್ಲ. ಹಳೆಯ ರಟ್ಟಿಗೆ ಅಂಟಿಸಿ, ಸಾಕು. ಬೆರಳು ಗುರುತಿನ ಮೇಲೆ ಬರದ ಹಾಗೆ ಅಂಚು ಹಿಡಿಯಲು ಮಕ್ಕಳಿಗೆ ಮೊದಲೇ ಅಭ್ಯಾಸ ಮಾಡಿಸಿ.

ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಕ್ವಿಜಿಜ್ ಕೂಡ ಇಂಥದ್ದೇ ಕಾಗದದ ಕಾರ್ಡ್ ವಿಧಾನ ತಂದಿದೆ. ಅದರ ಹೆಸರು ಈಗ ವೇಗ್ರೌಂಡ್ ಅಂತ ಬದಲಾಗಿದೆ, ಹುಡುಕುವಾಗ ಗೊಂದಲ ಮಾಡಿಕೊಳ್ಳಬೇಡಿ.

ಕಹೂಟ್ ನಾರ್ವೆಯವರದು, ಮಕ್ಕಳಿಗೆ ಹುಚ್ಚು ಹಿಡಿಸುವ ಆಟ, ಆದರೆ ಪ್ರತಿ ಗುಂಪಿನಲ್ಲೂ ಕನಿಷ್ಠ ಒಂದು ಫೋನ್, ಎಲ್ಲದಕ್ಕೂ ನೆಟ್, ಜೊತೆಗೆ ದೊಡ್ಡ ಪರದೆ ಬೇಕು. ಸ್ಮಾರ್ಟ್ ಕ್ಲಾಸ್ ಇರುವ ಶಾಲೆ ಆದರೆ ನೋಡಿ.

ಸಣ್ಣ ತರಗತಿಗಳ ನಲಿಕಲಿ ಕ್ಲಾಸ್ ತೆಗೆದುಕೊಳ್ಳುವವರಿಗೆ ಇನ್ನೂ ಸುಲಭ. ಅಲ್ಲಿ ಮಕ್ಕಳು ಮೊದಲೇ ಗುಂಪಾಗಿ ಕೂತಿರುತ್ತಾರೆ, ಗುಂಪಿಗೊಂದು ಚಟುವಟಿಕೆ ನಡೆಯುತ್ತಿರುತ್ತದೆ. ಫೋನ್ ಅದರಲ್ಲಿ ಒಂದು ಗುಂಪಿನ ಚಟುವಟಿಕೆ ಆಗಲಿ. ಇಡೀ ಕ್ಲಾಸಿಗೆ ಫೋನ್ ತೋರಿಸುತ್ತ ಓಡಾಡುವುದಕ್ಕಿಂತ ಐದಾರು ಮಕ್ಕಳಿಗೆ ಸರಿಯಾಗಿ ಸಿಕ್ಕರೆ ಒಳ್ಳೆಯದು, ಮರುದಿನ ಮುಂದಿನ ಗುಂಪು.

ಸ್ಟೋರಿವೀವರ್ ಭಾಷೆ ಕಲಿಸುವ ಆ್ಯಪ್ ಅಲ್ಲವಲ್ಲ, ಅದನ್ನು ಯಾಕೆ ಸೇರಿಸಿದ್ದೀರಿ?

ಅಲ್ಲ, ನಿಜ. ಅದು ಪ್ರಥಮ್ ಬುಕ್ಸ್‌ನವರು 2015ರ ಸೆಪ್ಟೆಂಬರ್ 8ರಂದು, ಅಂತಾರಾಷ್ಟ್ರೀಯ ಸಾಕ್ಷರತಾ ದಿನದಂದು ತೆರೆದ ಕಥೆಗಳ ಭಂಡಾರ. ಆದರೆ ಭಾಷೆ ಕಲಿಯುವುದು ಕಥೆಯಿಂದಲೇ ಅಲ್ವಾ? ಅಲ್ಲಿನ ಕಥೆಗಳು ನಾಲ್ಕು ಹಂತಗಳಲ್ಲಿವೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಣ್ಣ ವಾಕ್ಯ, ನಾಲ್ಕನೇ ಹಂತದಲ್ಲಿ ತುಂಬು ಕಥೆ. ಒಂದೇ ಕಥೆ ಕನ್ನಡ, ಇಂಗ್ಲಿಷ್, ಮರಾಠಿ, ಉರ್ದು, ಹಿಂದಿಯಲ್ಲಿ ಸಿಗುವುದು ಸಾಮಾನ್ಯ. ಎರಡು ಭಾಷೆ ಒಟ್ಟಿಗೆ ಇರುವ ಪುಸ್ತಕಗಳೂ ಇವೆ. ಪಿಡಿಎಫ್ ಇಳಿಸಿಕೊಂಡು ಮುದ್ರಿಸಬಹುದು, ಝೆರಾಕ್ಸ್ ಮಾಡಿ ಹಂಚಬಹುದು, ಬೇರೆ ಭಾಷೆಗೆ ಅನುವಾದವನ್ನೂ ಮಾಡಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ತೆಗೆಯಬಾರದು, ಅಷ್ಟೇ ಷರತ್ತು. ಇಷ್ಟು ಧಾರಾಳ ನಾನು ಬೇರೆ ಆ್ಯಪ್‌ನಲ್ಲಿ ನೋಡಿಲ್ಲ.

ನಾನು ಮಾಡುವುದು ಹೀಗೆ. ಮೊದಲು ಕಥೆಯನ್ನು ಕನ್ನಡದಲ್ಲಿ ಓದುತ್ತೇವೆ, ನಗುತ್ತೇವೆ, ಮಾತಾಡುತ್ತೇವೆ. ಒಂದೆರಡು ದಿನ ಬಿಟ್ಟು ಅದೇ ಚಿತ್ರಗಳಿರುವ ಇಂಗ್ಲಿಷ್ ಪುಸ್ತಕ ತೆಗೆಯುತ್ತೇನೆ. ಕಥೆ ಗೊತ್ತಿರುವುದರಿಂದ ಮಕ್ಕಳು ಪದದ ಅರ್ಥ ಕೇಳುವುದೇ ಇಲ್ಲ, ಊಹಿಸಿಕೊಂಡು ಹೋಗುತ್ತಾರೆ.

ಬೆಳಗಾವಿಯ ಮರಾಠಿ ಶಾಲೆ ನಮ್ಮದು. ಮಕ್ಕಳಿಗೆ ಕನ್ನಡ ಕಲಿಸಲು ಆ್ಯಪ್ ಇದೆಯಾ?

ಕನ್ನಡ ಭಾಷಾ ಕಲಿಕಾ ಕಾಯ್ದೆ ಬಂದಿದ್ದು 2015ರಲ್ಲಿ. ಆಗಿನಿಂದ ಒಂದನೇ ತರಗತಿಯಿಂದಲೇ ಹಂತಹಂತವಾಗಿ ಎಲ್ಲ ಶಾಲೆಗಳಲ್ಲೂ ಕನ್ನಡ ಬಂದಿದೆ. ಆದರೆ ಡುಯೊಲಿಂಗೊದಲ್ಲಿ ಕನ್ನಡ ಕಲಿಯುವ ಕೋರ್ಸ್ ಇಲ್ಲ. ಕೋಟಿಗಟ್ಟಲೆ ಜನ ಆಡುವ ಭಾಷೆಗೆ ಹೀಗಾಗಿರುವುದು ನನಗೆ ನಿಜಕ್ಕೂ ನೋವಿನ ವಿಷಯ. ಹಾಗಂತ ಕೈ ಕಟ್ಟಿ ಕೂರಬೇಕಿಲ್ಲ.

ಮಾತಿಗೆ ಭಾಷಾ ಸಂಗಮ ಆ್ಯಪ್‌ನಿಂದ ಶುರು ಮಾಡಿ. ಕೇಂದ್ರ ಶಿಕ್ಷಣ ಸಚಿವಾಲಯದವರು 2021ರಲ್ಲಿ ತಂದದ್ದು. ನಿನ್ನ ಹೆಸರೇನು, ಊಟ ಆಯ್ತಾ, ಬಸ್ ಎಲ್ಲಿ ಬರುತ್ತದೆ, ಈ ಥರದ ದಿನಬಳಕೆಯ ನೂರು ವಾಕ್ಯಗಳು 22 ಭಾಷೆಗಳಲ್ಲಿವೆ. ಅದರಲ್ಲಿ ಮರಾಠಿಯೂ ಇದೆ, ಉರ್ದುವೂ ಇದೆ, ಕನ್ನಡವೂ ಇದೆ. ಅದಕ್ಕಿಂತ ಮುಂದೆ ಅದು ಕರೆದುಕೊಂಡು ಹೋಗುವುದಿಲ್ಲ, ಆದರೆ ಮೊದಲ ತಿಂಗಳಿಗೆ ಸಾಕು.

ಲಿಪಿಯ ವಿಷಯದಲ್ಲಿ ಮರಾಠಿ ಮಗು ಅದೃಷ್ಟವಂತ. ಕ ಖ ಗ ಘ ಅನ್ನುವ ಸಾಲು ಎರಡೂ ಕಡೆ ಒಂದೇ, ಗೊತ್ತಿರುವ ಅಕ್ಷರದ ಪಕ್ಕ ಹೊಸದನ್ನು ಬರೆದು ಗೋಡೆಗೆ ಹಾಕಿದರೆ ಬೇಗ ಹಿಡಿಯುತ್ತದೆ. ಉರ್ದು ಮಗು ಬಲದಿಂದ ಎಡಕ್ಕೆ ಬರೆದು ಬಂದಿರುತ್ತದೆ, ಅದಕ್ಕೆ ಜಾಸ್ತಿ ಸಮಯ ಕೊಡಿ, ಅವಸರ ಮಾಡಬೇಡಿ.

ನಿಜವಾದ ಕಷ್ಟ ಇರುವುದು ಕಿವಿಯಲ್ಲಿ. ಮರಾಠಿಯಲ್ಲಿ ಎ ಮತ್ತು ಏ, ಒ ಮತ್ತು ಓ ಅಂತ ಬೇರೆ ಬೇರೆ ಇಲ್ಲ. ಹಾಗಾಗಿ ಬೆಳೆ ಮತ್ತು ಬೇಳೆ, ಕೊಡು ಮತ್ತು ಕೋಡು ಆ ಮಕ್ಕಳಿಗೆ ಒಂದೇ ಥರ ಕೇಳಿಸುತ್ತವೆ, ಬರೆಯುವಾಗ ಬೆರೆಸಿಬಿಡುತ್ತಾರೆ. ಉರ್ದು ಮಕ್ಕಳಿಗೂ ಇದೇ ತೊಡಕು, ಜೊತೆಗೆ ಲ ಮತ್ತು ಳ, ನ ಮತ್ತು ಣ. ಇದನ್ನು ಮಗುವಿನ ತಪ್ಪು ಅಂತ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತ ಹೋದರೆ ಪ್ರಯೋಜನ ಇಲ್ಲ, ಕೇಳಿಸದೇ ಇದ್ದದ್ದನ್ನು ಅದು ಬರೆಯುವುದಾದರೂ ಹೇಗೆ? ನಿಮ್ಮದೇ ಧ್ವನಿಯಲ್ಲಿ ಇಂಥ ಜೋಡಿ ಪದಗಳನ್ನು ರೆಕಾರ್ಡ್ ಮಾಡಿ, ಚಿತ್ರ ಹಾಕಿ, ಆಂಕಿಯಲ್ಲಿ ಕಾರ್ಡ್ ಮಾಡಿ. ಮಗು ಧ್ವನಿ ಕೇಳಿ ಚಿತ್ರ ಹೇಳಬೇಕು. ಒಂದು ದಿನಕ್ಕೆ ನಾಲ್ಕೈದು ಜೋಡಿಗಿಂತ ಜಾಸ್ತಿ ಬೇಡ. ಓದಿಗೆ ಸ್ಟೋರಿವೀವರ್‌ನ ಮರಾಠಿ ಕಥೆ, ಆಮೇಲೆ ಅದೇ ಕಥೆ ಕನ್ನಡದಲ್ಲಿ.

ತಾಂಡಾದ ಮಕ್ಕಳಿಗೆ?

ವಿಜಯಪುರ, ಬಾಗಲಕೋಟೆಯ ತಾಂಡಾಗಳಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಅದು ಇಲ್ಲ, ಹಾಗಾಗಿ ಭಾಷಾ ಸಂಗಮದಲ್ಲೂ ಇಲ್ಲ. ಈ ಮಗುವಿಗೆ ಕನ್ನಡವೇ ಶಾಲೆಯಲ್ಲಿ ಕಲಿಯುವ ಭಾಷೆ, ಇಂಗ್ಲಿಷ್ ಅದರ ಮೇಲೆ ಇನ್ನೊಂದು. ಕನ್ನಡ ಅರ್ಥ ಹೇಳಿದ ಕೂಡಲೇ ತಿಳಿಯಿತು ಅಂತ ನಾವು ಅಂದುಕೊಳ್ಳುತ್ತೇವೆ, ಅದು ಹಾಗಲ್ಲ. ಚಿತ್ರ ಜಾಸ್ತಿ ಇರುವ, ಪಠ್ಯ ಕಡಿಮೆ ಇರುವ ಮೊದಲ ಹಂತದ ಕಥೆ ತೆಗೆದುಕೊಳ್ಳಿ. ದೊಡ್ಡ ತರಗತಿಯ ಲಂಬಾಣಿ ಮಕ್ಕಳಿಂದ ಆ ಕಥೆಯನ್ನು ಅವರ ಮಾತಿನಲ್ಲಿ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಸಣ್ಣವರಿಗೆ ಮೊದಲು ಅದನ್ನು ಕೇಳಿಸಿ, ಆಮೇಲೆ ಕನ್ನಡ.

ಆಂಕಿ ಕಷ್ಟ ಅಂತ ಕೇಳಿದ್ದೇನೆ.

ನೋಡಲು ಚಂದ ಇಲ್ಲ, ಮೊದಲ ಸಲ ತಲೆ ಬಿಸಿ ಆಗುತ್ತದೆ, ಅದು ನಿಜ. ಆದರೆ ಅದರ ಹಿಂದಿನ ಯೋಚನೆ ಸರಳ. ಕಲಿತದ್ದು ಮರೆತುಹೋಗುತ್ತದೆ, ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳಿದರೆ ಗಟ್ಟಿಯಾಗುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಮರೆವಿನ ಬಗ್ಗೆ 1885ರಲ್ಲೇ ಬರೆದರು. ಆಂಕಿ 2006ರಿಂದ ಇದೆ. ಸರಿ ಹೇಳಿದ ಕಾರ್ಡ್ ಕೆಲವು ದಿನ ಬಿಟ್ಟು ಬರುತ್ತದೆ, ತಪ್ಪಿದ್ದು ಕೂಡಲೇ ಬರುತ್ತದೆ. ಕನ್ನಡ ಲಿಪಿ ಚೆನ್ನಾಗಿ ಕಾಣುತ್ತದೆ, ಚಿತ್ರ, ಧ್ವನಿ ಎರಡೂ ಹಾಕಬಹುದು, ನೆಟ್ ಬೇಡ.

ನಮಗೆ ಇದರ ಲಾಭ ಅಂದರೆ ಪದಗಳನ್ನು ನಾವೇ ಆರಿಸಬಹುದು. ಬೇರೆ ಆ್ಯಪ್‌ಗಳಲ್ಲಿ ವಿಮಾನ ನಿಲ್ದಾಣ, ಹೋಟೆಲ್ ಬುಕಿಂಗ್, ಕಾಫಿ ಆರ್ಡರ್ ಇರುತ್ತವೆ. ಗುಳೇದಗುಡ್ಡ, ಇಳಕಲ್‌ನ ನೇಕಾರರ ಮನೆಯ ಮಗು ಮಗ್ಗ, ನೂಲು, ಬಣ್ಣ, ಸೀರೆಯ ಅಂಚಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಲು ಬಂದರೆ ಅದರ ಮುಖ ನೋಡಬೇಕು ನೀವು. ಮುಧೋಳ, ಜಮಖಂಡಿ ಕಡೆ ಕಬ್ಬು, ಇಂಡಿ ಕಡೆ ಲಿಂಬೆ, ತಿಕೋಟಾ ಕಡೆ ದ್ರಾಕ್ಷಿ. ಅವರ ಊರಿನ ಪದಗಳಿಂದ ಶುರುವಾಗಲಿ, ವಿಮಾನ ಆಮೇಲೆ ಹತ್ತಿದರಾಯಿತು.

ಫೋನೇ ಬೇಡ ಅನ್ನುವವರು ಇದನ್ನು ಚಪ್ಪಲಿ ಡಬ್ಬಿಯಲ್ಲೂ ಮಾಡಬಹುದು. ಡಬ್ಬಿಯಲ್ಲಿ ಮೂರು ಖಾನೆ, ರಟ್ಟಿನ ಕಾರ್ಡ್. ಸರಿ ಹೇಳಿದ್ದು ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್. ಮೊದಲ ಖಾನೆ ದಿನಾ, ಎರಡನೆಯದು ವಾರಕ್ಕೆರಡು ಸಲ, ಮೂರನೆಯದು ವಾರಕ್ಕೊಮ್ಮೆ ತೆಗೆಯಬೇಕು.

ಉಚ್ಚಾರ ತಿದ್ದಲು ಆ್ಯಪ್ ಸಾಕಾ?

ಪೂರ್ತಿ ಸಾಲದು. ನಮ್ಮ ಮಕ್ಕಳು ಎಗ್ ಅನ್ನುವುದನ್ನು ಯೆಗ್ ಅಂತಾರೆ, ಓನ್ಲಿ ಅನ್ನುವುದನ್ನು ವೋನ್ಲಿ ಅಂತಾರೆ, ಸ್ಕೂಲ್ ಇಸ್ಕೂಲ್ ಆಗುತ್ತದೆ. ಕನ್ನಡ ಮಾತಾಡುವ ನಾಲಿಗೆಗೆ ಇದು ಸಹಜ. ಆ್ಯಪ್‌ಗಳು ಪದ ಗುರುತು ಸಿಕ್ಕಿದರೆ ಸರಿ ಅಂತ ಬಿಟ್ಟುಬಿಡುತ್ತವೆ. ನಾವು ಒಮ್ಮೆ ಸರಿಯಾಗಿ ಹೇಳಿ ತೋರಿಸಬೇಕು, ಆದರೆ ಮಾತಿನ ನಡುವೆ ತಡೆದು ತಿದ್ದಬಾರದು. ಧೈರ್ಯ ಮಾಡಿ ಬಾಯಿ ತೆರೆದ ಮಗು ಮತ್ತೆ ಮುಚ್ಚಿಬಿಟ್ಟರೆ ಯಾವ ಆ್ಯಪ್‌ನಿಂದಲೂ ತೆರೆಸಲಾಗುವುದಿಲ್ಲ.

ಮಕ್ಕಳ ಹೆಸರು, ಫೋಟೋ, ಫೋನ್ ನಂಬರ್ ಕೊಡಬಹುದಾ?

ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಪಡೆಯಲು ತಂದೆ ತಾಯಿಯ ಒಪ್ಪಿಗೆ ಬೇಕು. ಪ್ಲಿಕರ್ಸ್‌ನಲ್ಲಿ ಪೂರ್ತಿ ಹೆಸರಿನ ಬದಲು ಹಾಜರಿ ನಂಬರ್ ಹಾಕಿ. ಮಕ್ಕಳಿಗೆ ಖಾತೆ ಬೇಕಾಗುವ ಆ್ಯಪ್ ಆದರೆ ಪಾಲಕರ ಸಭೆಯಲ್ಲಿ ತೋರಿಸಿ, ಏನು ಕೇಳುತ್ತದೆ ಅಂತ ಕನ್ನಡದಲ್ಲಿ ವಿವರಿಸಿ, ಆಮೇಲೆ ಸಹಿ ತೆಗೆದುಕೊಳ್ಳಿ. ಅಪ್ಪ ಅಮ್ಮನಿಗೆ ಓದಲು ಬರುವುದಿಲ್ಲ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡು ಸುಮ್ಮನಾಗುವುದು ಸರಿಯಲ್ಲ.

ಚಾಟ್‌ಜಿಪಿಟಿ ಇದೆಯಲ್ಲ, ಬೇರೆ ಆ್ಯಪ್ ಯಾಕೆ?

ಅದನ್ನು 13 ವರ್ಷದೊಳಗಿನ ಮಕ್ಕಳು ಬಳಸುವಂತಿಲ್ಲ, 18ರೊಳಗಿನವರಿಗೆ ಪಾಲಕರ ಅನುಮತಿ ಬೇಕು ಅಂತ ಅವರ ನಿಯಮವೇ ಹೇಳುತ್ತದೆ. ಶಿಕ್ಷಕರು ಸಣ್ಣ ಸಂಭಾಷಣೆ, ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಮಾಡಿಕೊಳ್ಳಲು ಬಳಸಬಹುದು. ಕನ್ನಡದಲ್ಲಿ ಬರೆಸಿದರೆ ಮಾತ್ರ ಪ್ರತಿ ಸಾಲನ್ನೂ ಓದಿ ತಿದ್ದಿ. ಪದದ ಅರ್ಥಕ್ಕೆ ನಾನು ನೋಡುವುದು ವಿ. ಕೃಷ್ಣ ಅವರ ಅಲರ್ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷದಷ್ಟು ಪದಗಳಿವೆ, 2019ರಿಂದ ನೆಟ್‌ನಲ್ಲಿ ಉಚಿತ.

ನೆಟ್‌ವರ್ಕ್ ಇಲ್ಲ, ಕರೆಂಟೂ ಹೋಗುತ್ತಿರುತ್ತದೆ.

ರಾತ್ರಿ ಮನೆಯಲ್ಲೇ ಇಳಿಸಿಕೊಳ್ಳಿ: ರೀಡ್ ಅಲಾಂಗ್ ಕಥೆಗಳು, ಸ್ಟೋರಿವೀವರ್ ಪಿಡಿಎಫ್, ಗೂಗಲ್ ಟ್ರಾನ್ಸ್‌ಲೇಟ್‌ನ ಕನ್ನಡ ಪ್ಯಾಕ್. ಪಠ್ಯಪುಸ್ತಕದ ಕ್ಯೂಆರ್ ಕೋಡ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿ ಬೇಕಾದ ವಿಡಿಯೋ ಉಳಿಸಿಟ್ಟುಕೊಳ್ಳಿ. ಪಾಠಕ್ಕೆ ನೇರ ಸಂಬಂಧ ಇರುವುದು ಅದೇ, ಹೊಸ ಆ್ಯಪ್‌ಗಳ ಭರದಲ್ಲಿ ಅದನ್ನು ಮರೆಯುತ್ತೇವೆ. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಇದ್ದರೆ ಪರದೆ ಇಲ್ಲದಿದ್ದರೂ ಕೇಳುವ ಪಾಠ ನಡೆಯುತ್ತದೆ.

ಎಷ್ಟು ಹೊತ್ತು ಕೊಡಬೇಕು? ಮಕ್ಕಳು ಬಿಡೋದೇ ಇಲ್ಲ.

ಒಂದು ಪಿರಿಯಡ್‌ನಲ್ಲಿ ಹತ್ತು ನಿಮಿಷ, ಹೆಚ್ಚೆಂದರೆ ಕಾಲು ಗಂಟೆ. ಮೊದಲು ನೀವು ಕಲಿಸಿ, ಆಮೇಲೆ ಆ್ಯಪ್, ಕೊನೆಗೆ ಫೋನ್ ಒಳಗಿಟ್ಟು ಮಕ್ಕಳು ಒಬ್ಬರಿಗೊಬ್ಬರು ಮಾತಾಡಬೇಕು. ಈ ಕೊನೆಯ ಭಾಗ ಬಿಟ್ಟರೆ ಉಳಿದದ್ದು ಆಟವಷ್ಟೇ ಆಗುತ್ತದೆ. ದಿನ ತಪ್ಪಿಸದೆ ಆಡಿದರೆ ಬರುವ ಸ್ಟ್ರೀಕ್, ಅಂಕಪಟ್ಟಿಯ ಸ್ಪರ್ಧೆ ಇವನ್ನು ಕ್ಲಾಸಿನಲ್ಲಿ ಹೊಗಳಬೇಡಿ. ಮನೆಯಲ್ಲಿ ಫೋನ್ ಇರುವ ಮಗು ಮೇಲೆ ಹೋಗುತ್ತದೆ, ಇಲ್ಲದ ಮಗು ಕೆಳಗೆ ಉಳಿಯುತ್ತದೆ. ಅದರಲ್ಲಿ ಕಲಿಕೆಯ ಲೆಕ್ಕ ಏನೂ ಇಲ್ಲ.

ದುಡಿಯಲು ಗೋವಾ, ಮಹಾರಾಷ್ಟ್ರಕ್ಕೆ ಹೋಗುವ ಮನೆಯ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ.

ಹೋಗುವ ಮೊದಲು ತಂದೆಯ ಫೋನಿಗೆ ಕಥೆಗಳ ಪಿಡಿಎಫ್ ಮತ್ತು ನಿಮ್ಮ ಧ್ವನಿಯ ರೆಕಾರ್ಡ್ ಬ್ಲೂಟೂತ್‌ನಲ್ಲಿ ಕಳಿಸಿ, ಡಾಟಾ ಬೇಕಾಗುವುದಿಲ್ಲ. ಮುದ್ರಿಸಿದ ಎರಡು ಮೂರು ಪುಸ್ತಕ ಚೀಲದಲ್ಲಿ ಇಡಿ. ವಾರಕ್ಕೊಮ್ಮೆ ಮಗು ಒಂದು ಪುಟ ಓದಿ ವಾಟ್ಸಾಪ್‌ನಲ್ಲಿ ಧ್ವನಿ ಕಳಿಸಲಿ, ನೀವು ತಪ್ಪದೆ ಉತ್ತರ ಕೊಡಿ. ಮಗು ವಾಪಸ್ ಬಂದಾಗ ಶಾಲೆಯ ದಾರಿ ಬಿಡದಿರಲು ಇದು ಬಹಳ ಸಹಾಯ ಮಾಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಆ್ಯಪ್ ನಿಂತುಹೋದರೆ?

ಆಗುತ್ತದೆ. ಬೋಲೋ ರೀಡ್ ಅಲಾಂಗ್ ಆಯಿತು, ಕ್ವಿಜಿಜ್ ವೇಗ್ರೌಂಡ್ ಆಯಿತು, ನಿನ್ನೆ ಉಚಿತ ಇದ್ದದ್ದಕ್ಕೆ ಇವತ್ತು ದುಡ್ಡು ಕೇಳುತ್ತಾರೆ. ಹಾಗಾಗಿ ನೀವು ಮಾಡಿದ ಕೆಲಸ ನಿಮ್ಮ ಕೈಯಲ್ಲೇ ಇರಲಿ. ಕ್ವಿಜ್ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಿ. ಆಂಕಿ ಕಾರ್ಡ್‌ಗಳನ್ನು ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಶಾಲೆಯ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ ಇಡಿ. ಪೆನ್‌ಡ್ರೈವ್ ಹೆಡ್ ಮಾಸ್ತರರ ಕಪಾಟಿನಲ್ಲಿರಲಿ, ನಿಮಗೆ ವರ್ಗಾವಣೆ ಆದರೆ ಮುಂದೆ ಬರುವವರಿಗೆ ಸಿಗುತ್ತದೆ.